ಆಮ್ ತಲಾಬ್ ಎಂಬ ಫ್ಯೋರ್ಡು: ಎಡೆದೊರೆ ನಾಡಿನ ಒಂದು ಆರೋಹಣ ಮೀಮಾಂಸೆ

ವಿಷಯಾವತರಣಿಕೆ

ಸಕಲ ಶಾಸ್ತ್ರಗಳೂ ಒಂದು ಸಂಶಯದಿಂದ ಹುಟ್ಟುತ್ತವೆ ಎಂದು ಬಲ್ಲವರು ಹೇಳುತ್ತಾರೆ. ಪ್ರಕೃತ ಶಾಸ್ತ್ರ ಹುಟ್ಟಿದ್ದು ಒಂದು ವಾಟ್ಸಾಪ್ ಫೋಟೋದಿಂದ.

ಈ ಪ್ರಬಂಧಕಾರನ ಅಕ್ಕನ ಮಗ ನೌಕರಿಗೆಂದು ನಾರ್ವೆ ದೇಶಕ್ಕೆ ಹೋದವನು. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಪ್ರೈಕೆಸ್ಟೋಲೆನ್ ಎಂಬ ಬಂಡೆಯ ತುದಿಗೆ ಕುಳಿತು, ಎರಡೂ ಕಾಲು ಗಾಳಿಗೆ ಇಳಿಬಿಟ್ಟು, ಫೋಟೋ ತೆಗೆಸಿ ಕಳಿಸಿದ. ಬಂಡೆಯ ಕೆಳಗೆ 604 ಮೀಟರ್ ಏನೇನೂ ಇಲ್ಲ. ಆಮೇಲೆ ಲೀಸೆಫ್ಯೋರ್ಡಿನ ನೀರು. ಫೋಟೋದ ಅಡಿಗೆ ಒಂದು ಸಾಲು: “ಮಾಮಾ, ನಮ್ಮ ರಾಯಚೂರಾಗ ಇಂಥಾದ್ದೊಂದು ತೋರಸ್ರಿ ನೋಡೋಣು.”

ಅಕ್ಕ ಫೋಟೋವನ್ನು ಎರಡು ಬೆರಳಿಂದ ಹಿಗ್ಗಿಸಿದಳು. ಫ್ಯೋರ್ಡು ಪರದೆಯಾಚೆಗೆ ಹೋಯಿತು, ಬಂಡೆ ಹೋಯಿತು, ಮಗನ ಮುಖವೊಂದೇ ಉಳಿಯಿತು. “ಸೊರಗ್ಯಾನ” ಎಂದಳು. ಆ ಜಗತ್ಪ್ರಸಿದ್ಧ ದೃಶ್ಯದ ಬಗ್ಗೆ ನಮ್ಮ ಮನೆಯಲ್ಲಿ ನಡೆದ ವಿಮರ್ಶೆ ಅಷ್ಟೇ.

ಆದರೆ ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ಇಂಥ ಸವಾಲನ್ನು ಸುಮ್ಮನೆ ಬಿಡಲಾರ. ಆದ್ದರಿಂದ ಪ್ರತಿಜ್ಞೆ ಇದು: ರಾಯಚೂರು ಕೋಟೆಗುಡ್ಡದ ನೆತ್ತಿಯ ಬಾಲಾಹಿಸಾರವೆಂಬ ಮೇಲ್ಗೋಟೆಯೇ ಪ್ರೈಕೆಸ್ಟೋಲೆನ್. ಗುಡ್ಡದ ಅಡಿಯ ಆಮ್ ತಲಾಬೇ ಫ್ಯೋರ್ಡು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರ ಮಾನ್ವಿ ಪಕ್ಕದಲ್ಲೇ ಇರುವಾಗ ಪ್ರಮಾಣಗಳಿಗಾಗಿ ದೂರ ಹೋಗಬೇಕಿಲ್ಲ. ಮಾಧ್ವರು ಒಪ್ಪುವ ಪ್ರಮಾಣ ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ಇವುಗಳಲ್ಲಿ ಬೆವರು ಬರದ ಕೊನೆಯ ಎರಡನ್ನು ಪ್ರಬಂಧಕಾರ ಮೊದಲು ಕೈಗೆತ್ತಿಕೊಂಡಿದ್ದಾನೆ.

ಸಂಜ್ಞಾ ಪ್ರಕರಣ

ಫ್ಯೋರ್ಡು ಎಂದರೆ ಹಿಮನದಿ ಕೊರೆದ ಕಣಿವೆಯಲ್ಲಿ ಸಮುದ್ರ ಬಂದು ನಿಂತದ್ದು. ಹಿಮದ ರಾಶಿ ಸಾವಿರಾರು ವರ್ಷ ನೆಲದ ಮೇಲೆ ತೆವಳುತ್ತ, ತಳವನ್ನು ಕಡಲ ಮಟ್ಟಕ್ಕಿಂತ ಕೆಳಗೆ ತೋಡಿ, ಎರಡು ಬದಿಯನ್ನು ಗೋಡೆಯಂತೆ ನೆಟ್ಟಗೆ ಕೆತ್ತಿ, ಕಡೆಗೆ ತಾನೇ ಕರಗಿ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಉಪ್ಪುನೀರು ನುಗ್ಗುತ್ತದೆ. ಲೀಸೆಫ್ಯೋರ್ಡು ಹೀಗಾದದ್ದು: 42 ಕಿಲೋಮೀಟರ್ ಉದ್ದ, 400 ಮೀಟರಿಗೂ ಮಿಕ್ಕಿದ ಆಳ.

ಇನ್ನು ಶಬ್ದವ್ಯುತ್ಪತ್ತಿ. ಫ್ಯೋರ್ಡು ಎಂಬ ಪದದ ಬೇರು ‘ದಾಟು’ ಎಂಬ ಅರ್ಥದ ಹಳೆಯ ಧಾತು. ಸಂಸ್ಕೃತದ ‘ಪಾರ’, ಅಂದರೆ ಆಚೆ ದಡ, ಅದೇ ಬೇರಿನ ಇನ್ನೊಂದು ಟಿಸಿಲು. ಹಾಗಾಗಿ ನಾವು ಸಾಲಗಾರನಿಂದ ಪಾರಾದೆವು ಎನ್ನುವಾಗಲೆಲ್ಲ ಅರ್ಧ ನಾರ್ವೇಜಿಯನ್ ಮಾತಾಡಿರುತ್ತೇವೆ. ಇಷ್ಟು ಮಾತ್ರ ನಿಜವಾದ ಭಾಷಾಶಾಸ್ತ್ರ. ಮುಂದಿನದಕ್ಕೆ ಪ್ರಬಂಧಕಾರನೇ ಹೊಣೆ.

ಪ್ರೈಕೆಸ್ಟೋಲೆನ್ ಎಂದರೆ ಉಪದೇಶಿಯ ಪೀಠ. ನಮ್ಮ ಮಾತಿನಲ್ಲಿ ವ್ಯಾಸಪೀಠ. ಪ್ರವಾಸಿಗಳು ಬರುವುದಕ್ಕೆ ಮೊದಲು ಅಲ್ಲಿನ ಜನ ಅದನ್ನು ಬಡಿಗನ ಉಜ್ಜುಗೊರಡಿನ ಅಲಗಿಗೆ ಹೋಲಿಸಿ ಕರೆಯುತ್ತಿದ್ದರು. ಬಡಿಗನ ಹತಾರ ಧರ್ಮಪೀಠವಾದದ್ದು ಪರವೂರಿನಿಂದ ನೋಡಲು ಬರುವವರ ಕಾಲ ಬಂದಾಗ. ಊರಿನವರಿಗೆ ಹತಾರ, ಪರವೂರವರಿಗೆ ಪೀಠ: ಈ ಸೂತ್ರವನ್ನು ಓದುಗರು ಗಂಟು ಹಾಕಿಟ್ಟುಕೊಳ್ಳಬೇಕು.

ಆಮ್ ತಲಾಬ್ ವಿಷಯದಲ್ಲಿ ವಿದ್ವಾಂಸರಿಗೆ ಹಬ್ಬದೂಟವೇ ಇದೆ. ಉರ್ದುವಿನಲ್ಲಿ ಆಮ್ ಎಂದರೆ ಮಾವು. ಇನ್ನೊಂದು ಅಕ್ಷರದಲ್ಲಿ ಬರೆದ ಆಮ್ ಎಂದರೆ ಸರ್ವಸಾಮಾನ್ಯ, ಎಲ್ಲರಿಗೂ ಸೇರಿದ್ದು. ಕಿವಿಗೆ ಎರಡೂ ಒಂದೇ. ಕನ್ನಡ ಲಿಪಿಗೂ ಒಂದೇ. ಕನ್ನಡದ ಬಾಯಿ ಮೊದಲನೆಯದನ್ನು ಹಿಡಿದು ಮಾವಿನಕೆರೆ ಎಂದಿತು. ಆದರೆ ಇದೇ ಊರಿನಲ್ಲಿ ಖಾಸ್ ಬಾವಿ ಎಂಬುದೂ ಇದೆ. ದರ್ಬಾರಿನಲ್ಲಿ ದಿವಾನ್-ಎ-ಆಮ್, ದಿವಾನ್-ಎ-ಖಾಸ್ ಇದ್ದ ಹಾಗೆ ನೀರಿನಲ್ಲೂ ಒಂದು ಆಮ್, ಒಂದು ಖಾಸ್. ಪ್ರಬಂಧಕಾರನ ತೀರ್ಪು: ಎರಡೂ ಪಾಠ ಸಾಧು. ಕೆರೆ ಎಲ್ಲರದು, ಮಾವು ಕೈಗೆ ಸಿಕ್ಕವರದು.

ಪೂರ್ವಸೂರಿ ಸ್ಮರಣೆ

ಗುಡ್ಡ ಹತ್ತುವುದು ಬೆಂಗಳೂರಿನ ಹುಡುಗರು ಶನಿವಾರ ರಾತ್ರಿ ಬಸ್ಸಿನಲ್ಲಿ ಕಂಡುಹಿಡಿದ ವಿದ್ಯೆ ಎಂಬ ತಪ್ಪು ಕಲ್ಪನೆ ಪ್ರಚಾರದಲ್ಲಿದೆ. ಎಡೆದೊರೆ ನಾಡಿನಲ್ಲಿ, ಅಂದರೆ ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಸೀಮೆಯಲ್ಲಿ, ಪ್ರಾಚೀನ ಆಚಾರ್ಯರು ಮೂರು ಬಗೆ.

ಮೊದಲನೆಯವರು ಕೋಣಗಳು. 1294ರಲ್ಲಿ, ಕಾಕತೀಯರ ಕಾಲದಲ್ಲಿ, ಗೋರೆ ಗನ್ನಯರೆಡ್ಡಿಯ ಆಜ್ಞೆಯಂತೆ ವಿಠ್ಠಲನಾಥ ಈ ಕಲ್ಲಿನ ಕೋಟೆ ಕಟ್ಟಿಸಿದ. ಅದನ್ನು ಹೇಳುವ ತೆಲುಗು ಶಾಸನವಿರುವ ಚಪ್ಪಡಿ 41 ಅಡಿಗೂ ಮಿಕ್ಕಿ ಉದ್ದ. ಅಷ್ಟುದ್ದದ ಕಲ್ಲನ್ನು ಹೇಗೆ ತಂದರು ಎಂದು ಮುಂದಿನವರು ತಲೆ ಕೆಡಿಸಿಕೊಂಡಾರೆಂದು, ಬಂಡಿಯ ಮೇಲೆ ಕಲ್ಲನ್ನೇರಿಸಿ ಕೋಣಗಳ ಸಾಲು ಹೂಡಿ ಎಳೆಸುವ ಚಿತ್ರವನ್ನೂ ಗೋಡೆಗೆ ಕೊರೆದಿದ್ದಾರೆ. ಪ್ರವಾಸದ ಚಿತ್ರವನ್ನು ಗೋಡೆಯ ಮೇಲೆ ಹಾಕುವ ಪದ್ಧತಿ ಅಮೆರಿಕದಲ್ಲಿ ಹುಟ್ಟಿತೆನ್ನುವವರು ಇದನ್ನು ಗಮನಿಸಬೇಕು. ಶಾಸನದಲ್ಲಿ ಕಟ್ಟಿಸಿದವರ ಹೆಸರಿದೆ, ಒಡೆಯರ ಬಿರುದಿದೆ, ಎಳೆದ ಕೋಣಗಳ ಹೆಸರಿಲ್ಲ. ಸಂಶೋಧನಾ ಸಹಾಯಕರ ಸ್ಥಿತಿ ಅಂದಿಗೂ ಇಂದಿಗೂ ಒಂದೇ.

ಎರಡನೆಯವನು 1520ರ ಕೋಟೆಯ ಸರದಾರ. ಅದು ಕೃಷ್ಣದೇವರಾಯನಿಗೂ ವಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನಿಗೂ ರಾಯಚೂರಿಗಾಗಿ ನಡೆದ ಯುದ್ಧ. ಮುತ್ತಿಗೆಯ ಕಥೆಯನ್ನು ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್. ರಾಯನ ಕಡೆಗೆ ಕ್ರಿಸ್ಟೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಕೋವಿಗಾರರೂ ಇದ್ದರು. ಈ ಹೊಸ ಬಗೆಯ ಮನುಷ್ಯರನ್ನು ನೋಡಬೇಕೆಂದು ಸರದಾರ ಗೋಡೆಯ ಕಿಂಡಿಯಿಂದ ಮೈ ಹೊರಗೆ ಚಾಚಿ ಬಗ್ಗಿದ. ಗುಂಡು ನಡುಹಣೆಗೆ ಬಿತ್ತು. ಕೋಟೆ ಸೋತಿತು. ವ್ಯೂಪಾಯಿಂಟಿನ ತುದಿಯಲ್ಲಿ ಅತಿಯಾಗಿ ಬಗ್ಗಬಾರದೆಂಬ ಸೂಚನಾ ಫಲಕಕ್ಕೆ ಜಗತ್ತಿನಲ್ಲಿ ಇದಕ್ಕಿಂತ ಗಟ್ಟಿಯಾದ ಪೂರ್ವನಿದರ್ಶನವಿಲ್ಲ. ನಮ್ಮ ಗುಡ್ಡದ ಮೇಲೆ ಆ ಫಲಕ ಹಾಕುವವರು ಕಾರಣದ ಜಾಗದಲ್ಲಿ ‘1520 ನೋಡಿ’ ಎಂದಷ್ಟೇ ಬರೆದರೆ ಸಾಕು.

ಮೂರನೆಯವನು ಬೀಡನ್ ಎಂಬ ಎಂಜಿನಿಯರು. 1915ರಲ್ಲಿ ಮಸ್ಕಿಯ ಗುಡ್ಡದ ಬಂಡೆಗಳ ನಡುವೆ ಚಿನ್ನ ಹುಡುಕುತ್ತಿದ್ದವನಿಗೆ ಬ್ರಾಹ್ಮಿ ಅಕ್ಷರ ಸಿಕ್ಕಿತು. ದೇವಾನಾಂಪ್ರಿಯ ಮೊದಲಾದ ಬಿರುದುಗಳಲ್ಲಷ್ಟೇ ಕಾಣುತ್ತಿದ್ದ ದೊರೆಯ ಸ್ವಂತ ಹೆಸರು ಅಶೋಕ ಎಂಬುದು ಆ ಬಂಡೆಯಲ್ಲಿತ್ತು. ನಮ್ಮ ಜಿಲ್ಲೆಯ ಗುಡ್ಡಗಳ ಸ್ವಭಾವವೇ ಹೀಗೆ: ಹುಡುಕಿದ್ದನ್ನು ಕೊಡುವುದಿಲ್ಲ, ಕೇಳದ್ದನ್ನು ಕೊಡುತ್ತವೆ. ಈ ಮಾತು ಪ್ರಬಂಧದ ಕೊನೆಗೆ ಮತ್ತೆ ಕೆಲಸಕ್ಕೆ ಬರುತ್ತದೆ ಎಂದು ಬರೆಯುವಾಗ ಪ್ರಬಂಧಕಾರನಿಗೆ ಗೊತ್ತಿರಲಿಲ್ಲ.

ಆಕರ ಶೋಧ

ಇಂದಿನ ಸಂಶೋಧನೆಯ ಮೊದಲ ವಿಧಿ ಗೂಗಲ್‌ನಲ್ಲಿ ಹುಡುಕುವುದು. ಆದ್ದರಿಂದ ಪ್ರಬಂಧಕಾರ ದೇವದುರ್ಗ ತಾಲೂಕಿನ ಗೂಗಲ್ ಗ್ರಾಮಕ್ಕೆ ಬಸ್ಸು ಹತ್ತಿದ. ಕೃಷ್ಣೆಯ ದಂಡೆ, ಅಲ್ಲಮಪ್ರಭುವಿನ ಗುಡಿ, ಗುಡಿಯ ಹತ್ತಿರ ಒಂದು ಕಟ್ಟೆ, ಕಟ್ಟೆಯ ಮೇಲೆ ಮೂವರು ಹಿರಿಯರು. ಪ್ರಶ್ನೆ ಅರ್ಧ ಮುಗಿಯುವ ಮೊದಲೇ ಅದನ್ನು ಪೂರ್ತಿ ಮಾಡಿ ಉತ್ತರ ಕೊಡುವುದು ಆ ಹೆಸರಿನ ಗುಣವಿರಬೇಕು.

“ಯಜಮಾನ್ರ, ಇಲ್ಲಿ ಹತ್ತಿರ ಫ್ಯೋರ್ಡು...”

“ಫೋರ್ಡ್ ಟ್ರ್ಯಾಕ್ಟರೇನ್ರಿ? ಅದು ಬಂದಾಗಿ ಭಾಳ ವರ್ಷ ಆತಲ್ರಿ” ಎಂದರು ಒಬ್ಬರು.

“ಸಾಮಾನ ಬೇಕಂದ್ರ ರಾಯಚೂರಾಗ ಗುಜರಿ ಅಂಗಡ್ಯಾಗ ಕೇಳ್ರಿ” ಎಂದರು ಎರಡನೆಯವರು.

ಮೂರನೆಯವರು ಪ್ರಬಂಧಕಾರನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಮೊದ್ಲ ಕುಂದರ್ರಿ, ನೀರ ಕುಡೀರಿ” ಎಂದರು. ಒಂದು ನಿಮಿಷದೊಳಗೆ ಮೂರು ಫಲಿತಾಂಶ. ಮೂರನೆಯದು ಉಪಯೋಗಕ್ಕೂ ಬಂತು. ಎದುರಿಗೆ ಕೃಷ್ಣೆ ಅಗಲವಾಗಿ, ಅವಸರವಿಲ್ಲದೆ ಹರಿಯುತ್ತಿತ್ತು. ದಡ ಎಷ್ಟು ಸೌಮ್ಯವೆಂದರೆ ಎಮ್ಮೆ ಕೂಡ ಯೋಚನೆ ಮಾಡದೆ ಇಳಿಯುತ್ತದೆ. ಎಮ್ಮೆ ಇಳಿಯಬಲ್ಲ ದಡ ಫ್ಯೋರ್ಡಿನ ದಡವಾಗಲಾರದು ಎಂಬ ನಿಯಮವನ್ನು ಅಲ್ಲಿಯೇ ಬರೆದುಕೊಳ್ಳಲಾಯಿತು. ದೇವದುರ್ಗ ಹೆಸರಿನಲ್ಲೇ ದುರ್ಗವನ್ನಿಟ್ಟುಕೊಂಡ ಊರು, ಬೇಡ ನಾಯಕರ ಹಳೆಯ ನೆಲೆ. ಆದರೆ ಅಲ್ಲಿ ದುರ್ಗವಿದ್ದರೆ ಕೆಳಗೆ ನೀರಿಲ್ಲ, ಕೃಷ್ಣೆಯ ಕಡೆ ನೀರಿದ್ದರೆ ಮೇಲೆ ದುರ್ಗವಿಲ್ಲ.

ಮಾನ್ವಿಯಲ್ಲಿ ತೊಂದರೆ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆ ಕಡೆಯ ಹೊಲಗಳು ಗದ್ದೆಗಳಾದವು, ಜೋಳದ ಜಾಗಕ್ಕೆ ಸೋನಾಮಸೂರಿ ಬಂತು. ನೀರಿದೆ, ಹಸಿರಿದೆ, ನೆಲ ಮಾತ್ರ ರೊಟ್ಟಿ ಬಡಿಯುವ ಕೊಣಮಿಗೆಯಷ್ಟು ಸಮ. ಪ್ರಬಂಧಕಾರ ನಿರಾಶನಾಗದೆ ಜಗನ್ನಾಥದಾಸರ ಸನ್ನಿಧಿಗೆ ಹೋಗಿ ಆಗಮ ಪ್ರಮಾಣ ಸಂಪಾದಿಸಿದ. ದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು, ಇದೇ ತಾಲೂಕಿನ ಬ್ಯಾಗವಾಟದವರು. ಕನ್ನಡದಲ್ಲಿ ಹಾಡುವ ವಿಜಯದಾಸರನ್ನು, ಅವರೂ ಇದೇ ತಾಲೂಕಿನ ಚೀಕಲಪರವಿಯವರು, ಇವರು ಲಘುವಾಗಿ ಕಂಡರಂತೆ. ಕಂಡದ್ದೇ ತಡ ಹೊಟ್ಟೆನೋವು ಹಿಡಿಯಿತು. ಕಡೆಗೆ ವಿಜಯದಾಸರ ಶಿಷ್ಯರಾದ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆಯೆರೆದು ಉಳಿಸಿದರೆಂದು ಸಂಪ್ರದಾಯ ಹೇಳುತ್ತದೆ. ಈ ಕಥೆಯಿಂದ ಬರುವ ಸಿದ್ಧಾಂತ: ತನ್ನ ಊರಿನದನ್ನು ಕೀಳೆಂದು ಬಗೆದ ಪಂಡಿತನಿಗೆ ಹೊಟ್ಟೆನೋವು ನಿಶ್ಚಿತ. ಇದನ್ನು ನೋಟ್‌ಬುಕ್ಕಿಗೆ ಇಳಿಸಿ, ಬಸ್‌ಸ್ಟ್ಯಾಂಡಿನ ಎದುರು ಒಗ್ಗರಣಿ ಜೊತೆ ನಾಲ್ಕು ಮಿರ್ಚಿ ತಿಂದು, ಪ್ರಬಂಧಕಾರ ರಾಯಚೂರಿಗೆ ಮರಳಿದ. ರಾತ್ರಿ ಹೊಟ್ಟೆ ನೋಯಿತು. ಕಾರಣ ಪಾಂಡಿತ್ಯವೋ ಮಿರ್ಚಿಯೋ ಎಂಬುದಕ್ಕೆ ಪ್ರತ್ಯೇಕ ಪ್ರಬಂಧವೇ ಬೇಕು.

ಪೂರ್ವಪಕ್ಷ ಮತ್ತು ಖಂಡನೆ

ಒಂದನೆಯ ಆಕ್ಷೇಪ: ರಾಯಚೂರಿನಲ್ಲಿ ಹಿಮವೆಲ್ಲಿ? ಈ ಊರಿನಲ್ಲಿ ಬರ್ಫ ಎಂದರೆ ಗೋಲಾದವನ ಗಾಡಿಯಲ್ಲಿ ಗೋಣಿಚೀಲದಡಿ ಇರುವುದು. ಖಂಡನೆ: ಸುಮಾರು ಮೂವತ್ತು ಕೋಟಿ ವರ್ಷಗಳ ಹಿಂದೆ ಭಾರತದ ನೆಲ ದಕ್ಷಿಣ ಧ್ರುವದ ಬಗಲಲ್ಲಿತ್ತು. ಹಿಮನದಿಗಳು ಉರುಳಿಸಿ ಬಿಟ್ಟ ಗುಂಡುಗಳು ಒಡಿಶಾದ ತಾಲ್ಚೇರಿನಲ್ಲಿ ಇಂದಿಗೂ ಇವೆ. ಅಂದರೆ ಹಿಮಯುಗ ನಾವು ಪಾಸು ಮಾಡಿ ಬಿಟ್ಟ ತರಗತಿ. ನಾರ್ವೆಯ ಹಿಮ ಸರಿದದ್ದು ಮೊನ್ನೆ ಮೊನ್ನೆ. ಪ್ರೈಕೆಸ್ಟೋಲೆನ್ ಈಗಿನ ರೂಪಕ್ಕೆ ಬಂದದ್ದು ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ. ನಮ್ಮ ಗುಡ್ಡದ ಕಲ್ಲಿನ ವಯಸ್ಸಿಗೆ ಇನ್ನೂರು ಕೋಟಿ ವರ್ಷವೂ ಸಾಲದು. ಅಜ್ಜನನ್ನು ಮೊಮ್ಮಗನ ಜೊತೆ ಓಟಕ್ಕೆ ನಿಲ್ಲಿಸುವುದು ಸಭ್ಯತೆಯಲ್ಲ.

ಇನ್ನು ಕೆತ್ತನೆಯ ಮಾತು. ಅಲ್ಲಿ ಬಿರುಕಿನಲ್ಲಿ ಇಳಿದ ನೀರು ಹೆಪ್ಪುಗಟ್ಟಿ, ಉಬ್ಬಿ, ಬಂಡೆಯನ್ನು ಸೀಳಿತು. ಇಲ್ಲಿ ಬಿಸಿಲೂ ಮಳೆಯೂ ಕಲ್ಲಿನ ಸಂದುಗಳಿಗೆ ಕೈ ಹಾಕಿ, ಉಳ್ಳಾಗಡ್ಡಿಯ ಸಿಪ್ಪೆ ಸುಲಿದಂತೆ ಪದರು ಪದರಾಗಿ ಬಿಡಿಸಿ, ಗುಂಡಿನ ಮೇಲೆ ಗುಂಡು ಇಟ್ಟು ಹೋದವು. ಲೀಸೆಫ್ಯೋರ್ಡಿನ ಮೇಲೆ ಷೆರಾಗ್ ಎಂಬಲ್ಲಿ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡ ಒಂದೇ ಒಂದು ಗುಂಡು ಇದೆ. ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಲು ಜನ ಸಾಲುಗಟ್ಟುತ್ತಾರೆ. ರಾಯಚೂರಿನಿಂದ ಗಬ್ಬೂರಿಗೋ ಲಿಂಗಸುಗೂರಿಗೋ ಹೋಗುವ ಬಸ್ಸಿನ ಕಿಟಕಿಯಲ್ಲಿ ಅಂಥ ಗುಂಡುಗಳನ್ನು ಎಣಿಸಲು ಹೊರಟರೆ ಟಿಕೆಟಿನ ಹಿಂಬದಿ ಸಾಲುವುದಿಲ್ಲ. ಅವುಗಳ ನೆರಳಲ್ಲಿ ಕುರಿಗಳು ಮಲಗಿರುತ್ತವೆ. ಸಾಲು ಇಲ್ಲ.

ಎರಡನೆಯ ಆಕ್ಷೇಪ: ಎತ್ತರ. ನಮ್ಮ ಗುಡ್ಡ ಸುಮಾರು 290 ಅಡಿ, ಅಂದರೆ 88 ಮೀಟರ್. ಅದು 604. ಖಂಡನೆ: ಎತ್ತರವನ್ನು ಬರಿಯ ಮೀಟರಿನಲ್ಲಿ ಅಳೆಯುವುದು ತಂಪು ದೇಶದವರ ಪಕ್ಷಪಾತ. ಆರೋಹಣದ ನಿಜವಾದ ಮಾನ ಎತ್ತರವನ್ನು ಅಂದಿನ ಉಷ್ಣತೆಯಿಂದ ಗುಣಿಸಿದ್ದು. ಅಕ್ಕನ ಮಗ ಹತ್ತಿದ ಬೆಳಿಗ್ಗೆ ಅಲ್ಲಿ ಆರು ಡಿಗ್ರಿ: 604ನ್ನು 6ರಿಂದ ಗುಣಿಸಿದರೆ 3,624. ಮೇ ತಿಂಗಳಲ್ಲಿ ರಾಯಚೂರಿನ ಮಧ್ಯಾಹ್ನ 43 ಡಿಗ್ರಿ: 88ನ್ನು 43ರಿಂದ ಗುಣಿಸಿದರೆ 3,784. ರಾಯಚೂರು 160 ಅಂಕಗಳಿಂದ ಮುಂದು. ದಿನದ ಆಯ್ಕೆ ಸಂಶೋಧಕನ ಹಕ್ಕು.

ಮೂರನೆಯ ಆಕ್ಷೇಪ ಬಲವಾದದ್ದು: ಲಿಂಗಸುಗೂರು ತಾಲೂಕಿನ ಜಲದುರ್ಗವನ್ನು ಏಕೆ ಬಿಟ್ಟಿರಿ? ಅಲ್ಲಿ ಕೃಷ್ಣೆ ಕವಲೊಡೆದು ದ್ವೀಪ ಮಾಡಿದೆ, ದ್ವೀಪದ ಮೇಲೆ ಕೋಟೆಯಿದೆ, ಕೋಟೆಯ ಅಂಚಿನಿಂದ ಹೊಳೆಗೆ ಕಡಿದಾದ ಕಮರಿಯಿದೆ. ಶಿಕ್ಷೆಯಾದವರನ್ನು ಅಲ್ಲಿಂದ ನೂಕುತ್ತಿದ್ದರೆಂಬ ಮಾತೂ ಇದೆ. ಖಂಡನೆ: ಅದಕ್ಕಾಗಿಯೇ ಬಿಟ್ಟದ್ದು. ಕಮರಿ, ನೀರು, ಕೋಟೆ ಮೂರೂ ಕಣ್ಣೆದುರಿಗೇ ಇರುವಲ್ಲಿ ವಾದಕ್ಕೆ ಜಾಗವಿಲ್ಲ. ವಾದವಿಲ್ಲದಲ್ಲಿ ವಿದ್ವಾಂಸನಿಗೆ ಕೆಲಸವಿಲ್ಲ. ಜಲದುರ್ಗಕ್ಕೆ ಬೇಕಾದ್ದು ಪ್ರಬಂಧವಲ್ಲ, ಬಸ್ಸು.

ಪಂಚಭೇದ ನಿರೂಪಣೆ

ದ್ವೈತದ ಊರಿನಲ್ಲಿ ಕುಳಿತು ಎರಡೂ ಒಂದೇ ಎಂದು ಸಾಧಿಸುವುದು ಮರ್ಯಾದೆಯಲ್ಲ. ಆದ್ದರಿಂದ ಮಾಧ್ವರು ಹೇಳುವ ಐದು ಭೇದಗಳ ಮಾದರಿಯಲ್ಲೇ ಇಲ್ಲಿನ ಐದನ್ನೂ ಒಪ್ಪಿಕೊಳ್ಳಲಾಗಿದೆ.

ಗುಡ್ಡಕ್ಕೂ ಗುಡ್ಡಕ್ಕೂ ಭೇದ: ಅಲ್ಲಿನ ಬಂಡೆಯ ನೆತ್ತಿ ಸುಮಾರು 25 ಮೀಟರ್ ಚೌಕದ ಹಾಸುಗಲ್ಲು. ಅದರ ಮೇಲೊಂದು ಬಿರುಕಿದೆ. ಏಳು ಮಂದಿ ಅಣ್ಣತಮ್ಮಂದಿರು ಏಳು ಮಂದಿ ಅಕ್ಕತಂಗಿಯರನ್ನು ಮದುವೆಯಾದ ದಿನ ಆ ಬಂಡೆ ಫ್ಯೋರ್ಡಿಗೆ ಬೀಳುತ್ತದೆಂದು ಅಲ್ಲಿ ದಂತಕಥೆ. ಒಂದೇ ಮನೆಗೆ ಹೆಣ್ಣು ಕೊಟ್ಟು, ಅದೇ ಮನೆಯಿಂದ ತಂದು, ಉಳಿದವರನ್ನೂ ಅಲ್ಲೇ ಹೊಂದಿಸುವ ನಮ್ಮ ಸೀಮೆಯಲ್ಲಿದ್ದಿದ್ದರೆ ಆ ಬಂಡೆ ಎಂದೋ ತಳ ಕಾಣುತ್ತಿತ್ತು.

ನೀರಿಗೂ ನೀರಿಗೂ ಭೇದ: ಅಲ್ಲಿಯದು ಉಪ್ಪು, ಆಳ, ಹಡಗು ಸಾಗುವಂಥದ್ದು. ಇಲ್ಲಿಯದು ಸಿಹಿ, ಮಳೆಗಾಲದಲ್ಲಿ ಕೆರೆ, ಬೇಸಿಗೆಯಲ್ಲಿ ಚರ್ಚೆ.

ಗುಡ್ಡಕ್ಕೂ ನೀರಿಗೂ ಭೇದ: ಅಲ್ಲಿ ಬಂಡೆಯಿಂದ ಜಾರಿದರೆ ನೇರ ನೀರು. ಇಲ್ಲಿ ಜಾರಿದರೆ ನೀರು ಸಿಗುವ ಮೊದಲು ಬಂಡೆ, ಬೇಲಿ, ಯಾರದೋ ಹಿತ್ತಲು, ನಾಲ್ಕು ಮಂದಿ ಪರಿಚಯಸ್ಥರು.

ಹತ್ತುವವನಿಗೂ ಗುಡ್ಡಕ್ಕೂ ಭೇದ: ಅಲ್ಲಿ ಹೋಗಲು ನಾಲ್ಕು, ಬರಲು ನಾಲ್ಕು ಕಿಲೋಮೀಟರ್. ನೇಪಾಳದ ಶೆರ್ಪಾಗಳು ಬಂದು ಕಲ್ಲು ಜೋಡಿಸಿ ದಾರಿ ಹಸನು ಮಾಡಿದ್ದಾರೆ. ಇಲ್ಲಿ ದಾರಿ ಹಸನು ಮಾಡಿದ್ದು ಆಡುಗಳು.

ಹತ್ತುವವನಿಗೂ ಹತ್ತುವವನಿಗೂ ಭೇದ: ಅಲ್ಲಿ ಜಗತ್ತಿನ ಮೂಲೆಮೂಲೆಯಿಂದ ವರ್ಷಕ್ಕೆ ಲಕ್ಷಗಟ್ಟಲೆ ಜನ ಹತ್ತುತ್ತಾರೆ. ಇಲ್ಲಿ ಪಂಚಬೀಬಿ ದರ್ಗಾಕ್ಕೆ ಹರಕೆ ಹೊತ್ತವರು, ಪರೀಕ್ಷೆಗೆ ಓದುವ ಹುಡುಗರು, ಓದುತ್ತೇವೆಂದು ಮನೆಯಲ್ಲಿ ಹೇಳಿ ಬಂದ ಹುಡುಗರು. ಮತ್ತು, ಅನುಮಾನ ಪ್ರಮಾಣದ ದೃಷ್ಟಿಯಿಂದ ಗಮನಾರ್ಹವಾದದ್ದು, ಈ ಊರಿನಲ್ಲೇ ಹುಟ್ಟಿ ಬೆಳೆದ ದೊಡ್ಡವರು ಬಹುತೇಕ ಯಾರೂ ಇಲ್ಲ.

ಪ್ರತ್ಯಕ್ಷ

ಇಲ್ಲಿಗೆ ಬಂದಾಗ ಪ್ರಬಂಧಕಾರ ಪೆನ್ನು ಕೆಳಗಿಟ್ಟು ಒಂದು ಮಾತು ಒಪ್ಪಿಕೊಳ್ಳಬೇಕಾಗಿದೆ. ಆ ದೊಡ್ಡವರಲ್ಲಿ ನಾನೂ ಒಬ್ಬ. ಅರವತ್ತೊಂದು ವರ್ಷ ಆ ಗುಡ್ಡದ ನೆರಳಲ್ಲೇ ಹಲ್ಲುಜ್ಜಿದ್ದೇನೆ. ಗುಡ್ಡ ಮನೆಯ ಹಿಂದಿನ ಬಾಗಿಲಿಂದ ಕಾಣುತ್ತದೆ. ಕಾಣುವುದನ್ನು ಹತ್ತಿ ನೋಡುವುದೇನಿದೆ? ಕೋಣದ ಚಿತ್ರದಿಂದ ಹಿಡಿದು ಬಾಲಾಹಿಸಾರದವರೆಗೆ ಇಲ್ಲಿಯವರೆಗೆ ಬರೆದದ್ದೆಲ್ಲ ಓದಿ, ಕೇಳಿ, ಹಿತ್ತಲಿನಿಂದ ಅಂದಾಜು ಮಾಡಿ ಬರೆದದ್ದು. ಆಗಮವೂ ಅನುಮಾನವೂ ಮುಗಿದ ಮೇಲೆ ಪ್ರತ್ಯಕ್ಷ ಬಾಕಿ ಉಳಿಯಿತು. ನನ್ನದೇ ಗುಣಾಕಾರಕ್ಕೆ 43 ಡಿಗ್ರಿ ಬೇಕಾದ್ದರಿಂದ ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೇ ಹೊರಡಬೇಕಾಯಿತು. ಬೆಳಿಗ್ಗೆ ಆರಕ್ಕೆ ಹತ್ತಿದ್ದರೆ ನಾರ್ವೆ ಗೆದ್ದುಬಿಡುತ್ತಿತ್ತು.

ಸಾಮಗ್ರಿ: ಒಂದು ಬಾಟಲಿ ನೀರು, ಒಂದು ಕಡ್ಡಿ ಮುರಿದು ಒಂದು ಬದಿ ಜೋತುಬಿದ್ದ ಕರೀ ಛತ್ರಿ, ತೊಗಲಿನ ಚಪ್ಪಲಿ. ಶೆರ್ಪಾ ಆಗಿ ಒದಗಿದವನು ಆಡು ಕಾಯುವ ಹುಡುಗ, ಹನ್ನೆರಡು ಹದಿಮೂರರವನು. ಮೆಟ್ಟಿಲು ಅರ್ಧ ಕಡಿದದ್ದು, ಅರ್ಧ ಸವೆದದ್ದು. ನಡುವೆ ಒಂದು ಹಾಸುಬಂಡೆ ಬಂತು.

“ಚಪ್ಲಿ ಹಾಕ್ಕೊಂಡ್ರ ಜಾರ್ತೈತ್ರಿ ಕಾಕಾ” ಎಂದ.

“ಬಿಚ್ಚಿದ್ರ?”

“ಸುಡ್ತೈತ್ರಿ.”

ತರ್ಕಶಾಸ್ತ್ರದಲ್ಲಿ ಇದಕ್ಕೆ ಉಭಯತಃಪಾಶ ಎನ್ನುತ್ತಾರೆ. ಮೂವತ್ತು ವರ್ಷ ಅದನ್ನು ಪಾಠ ಮಾಡಿದ್ದೆ. ಅಂಗಾಲಿಗೆ ತಾಗಿದ್ದು ಅಂದೇ. ಹುಡುಗ ಒಂದು ಚಪ್ಪಲಿ ಬಿಚ್ಚಿ ಒಂದನ್ನು ಇಟ್ಟುಕೊಳ್ಳಲು ಹೇಳಿದ. ನ್ಯಾಯ ಗ್ರಂಥಗಳಲ್ಲಿ ಈ ಪರಿಹಾರ ನಾನು ಎಲ್ಲೂ ಕಂಡಿಲ್ಲ. ಕೆಲಸಕ್ಕೆ ಬಂತು.

ಬಂಡೆಗಳ ಮೇಲೆ ಆಯಿಲ್ ಪೇಂಟಿನ ಶಾಸನಗಳು ಬಹಳ. ಎರಡು ಅಕ್ಷರ, ನಡುವೆ ಒಂದು ಹೃದಯ, ಕೆಳಗೆ ಇಸವಿ. ಕಾಲನಿರ್ಣಯದ ತೊಂದರೆಯಿಲ್ಲ, ದಾನಿ, ದತ್ತಿ ಎರಡೂ ಸ್ಪಷ್ಟ. 1294ರ ಶಾಸನದಂತೆ ಇವೂ ಇರುತ್ತವೆಂದು ನಂಬಿಯೇ ಬರೆದವು. ಆಡೊಂದು ಹೃದಯದ ಮೇಲೆ ನಿಂತು ಜಾಲಿಯ ಕಾಯಿ ಅಗಿಯುತ್ತಿತ್ತು.

ನೆತ್ತಿಗೆ ಬಂದಾಗ ಬಾಟಲಿ ಖಾಲಿ. ಗಾಳಿ ಒಲೆಯ ಬಾಯಿಂದ ಬಂದಂತೆ ಬರುತ್ತಿತ್ತು. ಹಳೆಯ ತೋಪು, ಕಲ್ಲುಮಂಟಪ, ದರ್ಗಾದ ಹಸಿರು. ಅಂಚಿಗೆ ಹೋಗಿ, 1520ನ್ನು ನೆನೆದು ಅತಿಯಾಗಿ ಬಗ್ಗದೆ, ಕೆಳಗೆ ನೋಡಿದೆ. ಒಂದು ಕಡೆ ಆಮ್ ತಲಾಬ್, ಬಿಸಿಲಲ್ಲಿ ತಗಡಿನ ಹಾಗೆ. ಇನ್ನೊಂದು ಕಡೆ ಏಕ್ ಮಿನಾರ್ ಮಸೀದಿಯ ಒಂಟಿ ಗೋಪುರ. ತೀನ್ ಕಂದೀಲ್ ವೃತ್ತದ ಕಡೆಯ ಗದ್ದಲ ಇಲ್ಲಿಗೆ ಬರೀ ಗುಂಯ್‌ಗುಡುವಿಕೆ. ದೂರಕ್ಕೆ ರೈಲು ಹಳಿ. ಬೊಂಬಾಯಿ ಕಡೆಯಿಂದ ಬಂದ ರೈಲು ಮದರಾಸು ಕಡೆಯಿಂದ ಬಂದದ್ದನ್ನು 1871ರಲ್ಲಿ ಸೇರಿದ್ದು ಈ ಊರಿನಲ್ಲೇ. ಫ್ಯೋರ್ಡು ಸಿಕ್ಕಿತೇ ಎಂದು ಕೇಳಿದರೆ, ನಾನು ಅದನ್ನು ಹುಡುಕುವುದನ್ನು ಮರೆತೆ. ಏಕೆಂದರೆ ಹಂಚಿನ, ಶೀಟಿನ, ಆರ್‌ಸಿಸಿ ಚಾವಣಿಗಳ ನಡುವೆ ಒಂದು ಮಾಳಿಗೆಯ ಮೇಲೆ ಕರೀ ಸಿಂಟೆಕ್ಸ್, ಅದರ ಮುಚ್ಚಳದ ಮೇಲೆ ನಾನೇ ಹೇರಿಟ್ಟ ರುಬ್ಬುಗುಂಡು ಕಂಡಿತು. ಪಕ್ಕಕ್ಕೆ ಬಿಳೀ ಧೋತರ ಹಾಸಿ ಸಂಡಿಗೆ ಒಣಹಾಕಿತ್ತು. ಒಂದು ಚುಕ್ಕೆ ಬಗ್ಗಿ ಅವನ್ನು ತಿರುವಿ ಹಾಕುತ್ತಿತ್ತು. ಚುಕ್ಕೆ ನೆಟ್ಟಗಾಯಿತು. ಹಣೆಗೆ ಕೈ ಅಡ್ಡ ಹಿಡಿಯಿತು. ನನ್ನ ಫೋನು ಬಾರಿಸಿತು.

“ಏ ತಮ್ಮಾ, ಗುಡ್ಡದ ಮ್ಯಾಲ ನಮ್ಮ ಜೋತುಬಿದ್ದ ಛತ್ರಿ ಕಂಡಂಗ ಆಗಾಕತ್ತೈತಿ. ನೀನೇನು?”

“ಹೂಂ ಅಕ್ಕ.”

“ಈ ಬಿಸಲಾಗ ಅಲ್ಲೇನ್ ಮಾಡಾಕತ್ತಿ?”

“ನೋಡಾಕತ್ತೀನಿ.”

“ಏನ್ ನೋಡ್ತಿ?”

ಪ್ರಬಂಧದ ಶೀರ್ಷಿಕೆ ಹೇಳಲು ನಾಲಿಗೆ ಏಳಲಿಲ್ಲ. “ಸಂಡಿಗಿ” ಎಂದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: “ಅಂವ ಕುಂತಿದ್ನಲ್ಲ ಫೋಟೋದಾಗ, ಅಲ್ಲಿ ಕೆಳಗ ಮನಿ ಅದಾವೇನು?”

604 ಮೀಟರ್ ಗೊತ್ತಿತ್ತು. 42 ಕಿಲೋಮೀಟರ್ ಗೊತ್ತಿತ್ತು. “ಇಲ್ಲಕ್ಕ, ನೀರ ಐತಿ” ಎಂದೆ.

“ಹಂಗಾರ ಅವನ್ನ ಇಳಿ ಅನ್ನಾವ್ರು ಯಾರು?”

ಈ ಪ್ರಶ್ನೆಗೆ ಮೂರು ಪ್ರಮಾಣಗಳಲ್ಲೂ ಉತ್ತರ ಸಿಗಲಿಲ್ಲ. ಆಕೆ ಕಾಯಲೂ ಇಲ್ಲ. “ನೀ ಮೊದ್ಲ ಇಳಿ. ಅನ್ನ ಆರಾಕತ್ತೈತಿ” ಎಂದು ಫೋನಿಟ್ಟಳು. ಮಾಳಿಗೆಯ ಚುಕ್ಕೆ ಮಾತ್ರ ನಾನು ಮೊದಲ ಮೆಟ್ಟಿಲು ಇಳಿಯುವವರೆಗೂ ಹಣೆಗೆ ಕೈ ಹಿಡಿದೇ ನಿಂತಿತ್ತು.

ಸಿದ್ಧಾಂತ

ಇದರಿಂದ ಸಂಜ್ಞಾ ಪ್ರಕರಣವನ್ನು ತಿದ್ದಬೇಕಾಗಿದೆ. ಯಾವ ಎತ್ತರದ ಮೇಲೆ ನಿಂತವನನ್ನು ಕೆಳಗಿನಿಂದ ಒಬ್ಬರಾದರೂ ಗುರುತು ಹಿಡಿದು ‘ಇಳಿ’ ಎನ್ನುತ್ತಾರೋ ಅದು ಗುಡ್ಡ. ಹಾಗೆನ್ನುವವರು ಇಲ್ಲದ್ದು ವ್ಯೂಪಾಯಿಂಟು. ಮೊದಲನೆಯದನ್ನು ಯಾರೂ ಹತ್ತುವುದಿಲ್ಲ, ಏಕೆಂದರೆ ಅನ್ನ ಆರುತ್ತದೆ. ಎರಡನೆಯದಕ್ಕೆ ವಿಮಾನ ಹತ್ತಿ ಹೋಗುತ್ತಾರೆ. ಕೋಟೆಗುಡ್ಡ ಪ್ರೈಕೆಸ್ಟೋಲೆನ್ ಹೌದೋ ಅಲ್ಲವೋ ಎಂಬ ಪ್ರಶ್ನೆ ಇಲ್ಲಿಗೆ ಬಿದ್ದುಹೋಯಿತು. ಬಿದ್ದದ್ದು ಆಮ್ ತಲಾಬಿಗೋ ಯಾರ ಹಿತ್ತಲಿಗೋ ನೋಡಿಲ್ಲ.

ಫಲಶ್ರುತಿ

ಈ ಪ್ರಬಂಧವನ್ನು ಬೇಸಿಗೆಯ ಮಧ್ಯಾಹ್ನ ಓದಿದವರಿಗೆ ನಿದ್ದೆ, ಸಂಜೆ ಓದಿದವರಿಗೆ ಗುಡ್ಡ ಹತ್ತುವ ಬಯಕೆ, ನೌಕರಿ ಸಂದರ್ಶನಕ್ಕೆ ಮುನ್ನ ಓದಿದವರಿಗೆ ಫ್ಯೋರ್ಡಿನ ವ್ಯಾಖ್ಯೆ ಲಭಿಸುತ್ತದೆ. ಮಿರ್ಚಿ ತಿಂದು ಓದಿದವರ ಹೊಟ್ಟೆನೋವಿಗೆ ಇದು ಮದ್ದಲ್ಲ.

ನೆತ್ತಿಯಿಂದ ತೆಗೆದ ಫೋಟೋವನ್ನು ಅಂದು ರಾತ್ರಿ ಅಕ್ಕನ ಮಗನಿಗೆ ಕಳಿಸಿದೆ. ಕೆರೆ ಬಂದಿತ್ತು, ಮಿನಾರು ಬಂದಿತ್ತು, ತೋಪಿನ ಬಾಯಿಯೂ ಮೂಲೆಯಲ್ಲಿ ಬಂದಿತ್ತು. ಅಡಿಗೆ ಅಂಕಿಗಳನ್ನೂ ಬರೆದೆ: 3,784. ಬಹಳ ಹೊತ್ತು ಉತ್ತರವಿಲ್ಲ. ಎರಡು ಬೆರಳಿಂದ ಹಿಗ್ಗಿಸುತ್ತಿದ್ದನೆಂದು ತೋರುತ್ತದೆ. ಆಮೇಲೆ ಒಂದೇ ಸಾಲು ಬಂತು:

“ಮಾಮಾ, ಅವ್ವ ಬಿಸಲಾಗ ಯಾಕ ನಿಂತಾಳ?”